ಅಪ್ಪನ ಉತ್ತರಗಳು

ಪಾಠಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವನು ಅಭ್ಯಾಸದಂತೆ ಡ್ರಾಯರಿನ ಬೀಗ ಎಳೆದು ನೋಡಿದ, ಕಾಗದ ಕತ್ತರಿಸುವ ಯಂತ್ರದ ಡಬ್ಬಿಯೊಳಗೆ ಬಗ್ಗಿದ, ಯಾವ ಚೂರಿನಲ್ಲೂ ಒಂದು ಇಡೀ ಪದ ಉಳಿದಿಲ್ಲವೆಂದು ಸಮಾಧಾನಪಟ್ಟುಕೊಂಡ. ಮನೆಯಿಂದ ಕೆಲಸ ಮಾಡುವವರ ಹೆಸರು, ಹುಟ್ಟಿದ ದಿನ, ಪಾಸ್‌ವರ್ಡುಗಳನ್ನು ಕದ್ದು ಇನ್ಯಾರೋ ಅವರಾಗಿ ಮೆರೆಯದಂತೆ ನೋಡಿಕೊಳ್ಳುವುದು ಹೇಗೆಂದು ಕಲಿಸುವುದು ಅವನ ಕಸುಬು. ಕಂಪನಿಗಳು ಅವನನ್ನು ಕರೆಸಿಕೊಳ್ಳುತ್ತಿದ್ದವು, ಅಂದರೆ ಪರದೆಯ ಮೇಲೆ. ಕಲಿಸುವವನ ಮನೆಯೇ ಸೋರುತ್ತಿದ್ದರೆ ಹೇಗೆ ಎಂದು ಹಜಾರದ ತುದಿಯ ಬಾಲ್ಕನಿಯನ್ನು ಮುಚ್ಚಿಸಿ ಕೆಲಸದ ಕೋಣೆ ಮಾಡಿಕೊಂಡಿದ್ದ. ಅದಕ್ಕೆ ದಪ್ಪ ಗಾಜಿನ ಬಾಗಿಲು. ಒಳಗಿನ ಮಾತು ಒಂದಿಷ್ಟೂ ಹೊರಗೆ ಕೇಳುತ್ತಿರಲಿಲ್ಲ. ಮೊದಲು ಮೇಜು ಕಿಟಕಿಯ ಕಡೆಗಿತ್ತು. ಬಾಗಿಲಲ್ಲಿ ನಿಂತವರಿಗೆ ಪರದೆ ಕಾಣುತ್ತದೆಂದು ಹೊಳೆದ ದಿನವೇ ಅದನ್ನು ತಳ್ಳಿ ತಿರುಗಿಸಿದ್ದ. ಈಗ ಪರದೆಯ ಬೆನ್ನು ಬಾಗಿಲಿಗೆ, ಅವನ ಮುಖವೂ ಬಾಗಿಲಿಗೆ. "ಕಳ್ಳ ಬಂದ್ರೂ ನಿಮ್ಮ ಏರ್ಪಾಡು ನೋಡಿ ಪಾಪ ಅನ್ಸಿ ವಾಪಸ್ ಹೋಗ್ತಾನೆ ಬಿಡಿ" ಎಂದು ಹೆಂಡತಿ ನಕ್ಕಿದ್ದಳು. ಅವನು ನಕ್ಕಿರಲಿಲ್ಲ. ಈ ವಿಷಯದಲ್ಲಿ ನಗುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಗಾಜಿನ ಆಚೆ ಅಪ್ಪನ ಕುರ್ಚಿ ಖಾಲಿಯಿತ್ತು. ಬಚ್ಚಲಿಗೆ ಹೋಗಿರಬೇಕು ಎಂದುಕೊಂಡ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಈ ಮನೆಗೆ ಬಂದಿದ್ದ. ಬಂದವನು ತಾನೇ ಒಂದು ಕುರ್ಚಿ ಎಳೆದುಕೊಂಡು, ಬಾಗಿಲಿನ ಎದುರು ಹಾಕಿಕೊಂಡು, ಮಡಿಲಲ್ಲಿ ಪೇಪರ್ ಹರಡಿಕೊಂಡು ಕೂರುತ್ತಿದ್ದ. ಅಪ್ಪ ಹಾಗೆ ಕೂತರೆ ಅವನಿಗೆ ಕಸಿವಿಸಿ. ಆದರೆ ಕಿವಿ ಕೇಳದ ಮುದುಕನಿಂದ ಯಾವ ವಿವರ ತಾನೆ ಸೋರೀತು? ಅಪ್ಪನ ಕಿವಿಗಳನ್ನು ಮಗ್ಗದ ಮಿಲ್ಲು ಎಂದೋ ತಿಂದು ಹಾಕಿತ್ತು. ಮನೆಯಲ್ಲಿ ಏನಾದರೂ ಹೇಳುವುದಿದ್ದರೆ ಒಂದು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು: ಊಟಕ್ಕೆ ಬನ್ನಿ, ಮಾತ್ರೆ ತಗೊಂಡ್ರಾ, ಹೊರಗೆ ಹೋಗ್ತಿದೀವಿ. ಹಾಗೆ ಬರೆದ ಮಾತಿನಲ್ಲಿ ಸಿಟ್ಟೂ ಇರುವುದಿಲ್ಲ, ಪ್ರೀತಿಯೂ ಇರುವುದಿಲ್ಲ, ಅದೇ ಒಳ್ಳೆಯದು ಎಂದು ಅವನಿಗೆ ಅನ್ನಿಸುತ್ತಿತ್ತು. ಅಮ್ಮ ಇದ್ದಾಗ ಸ್ಲೇಟು ಇರಲಿಲ್ಲ. ಅಮ್ಮನೂ ಅದೇ ಮಿಲ್ಲಿನವಳು. ಮಗ್ಗಗಳ ಗದ್ದಲದಲ್ಲಿ ಕೂಗಿ ಪ್ರಯೋಜನವಿಲ್ಲವೆಂದು ಅಲ್ಲಿನವರೆಲ್ಲ ದನಿ ಬಿಟ್ಟು ತುಟಿಯಲ್ಲೇ ಮಾತಾಡುತ್ತಿದ್ದರಂತೆ, ಎದುರಿನವರು ಅದನ್ನು ಓದಿಕೊಳ್ಳುತ್ತಿದ್ದರಂತೆ. ಮನೆಗೆ ಬಂದ ಮೇಲೂ ಅಪ್ಪ ಅಮ್ಮ ಅಡುಗೆಮನೆಯ ಆ ಮೂಲೆಯಿಂದ ಈ ಮೂಲೆಗೆ ಹಾಗೇ ತುಟಿಯಾಡಿಸುತ್ತಿದ್ದರು. ನಡುವೆ ಕೂತ ಅವನು ಅತ್ತ ಇತ್ತ ಕತ್ತು ಹೊರಳಿಸಿ ಸೋಲುತ್ತಿದ್ದ. ಅವರು ತನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದಾರೆ ಎಂದು ಅವನಿಗೆ ಖಾತ್ರಿ. ಒಂದು ಸಲ ಶಾಲೆಯ ಗೆಳೆಯನೊಬ್ಬ ಮನೆಗೆ ಬಂದಾಗ, ನಿಮ್ಮ ಮನೇಲಿ ಮೀನುಗಳ ಥರ ಬಾಯಿ ಬಿಡ್ತಾರಲ್ಲೋ ಎಂದಿದ್ದ. ಆ ಮೇಲೆ ಅವನು ಆ ಭಾಷೆ ಕಲಿಯುವ ಆಸೆಯನ್ನು ಬಿಟ್ಟ, ಗೆಳೆಯರನ್ನು ಮನೆಗೆ ಕರೆಯುವುದನ್ನೂ ಬಿಟ್ಟ.

ಅಪ್ಪನ ಬದಲು ತಾನು ಮಾತಾಡುವುದು ಶುರುವಾದದ್ದು ತೀರಾ ಸಹಜವಾಗಿ. ಫೋನಿನಲ್ಲಿ ಯಾರೋ ಖಾತೆದಾರರೇ ಮಾತಾಡಬೇಕು ಅಂದರು, ಖಾತೆದಾರರಿಗೆ ಕಿವಿ ಕೇಳುವುದಿಲ್ಲ ಎಂದು ವಿವರಿಸಿ ಸಾಕಾಗಿ, ಒಂದು ದಿನ "ನಾನೇ ಮಾತಾಡ್ತಿರೋದು" ಅಂದುಬಿಟ್ಟ. ಇಬ್ಬರ ದನಿಯೂ ಒಂದೇ ಅಚ್ಚು ಎಂದು ನೆಂಟರೆಲ್ಲ ಹೇಳುತ್ತಿದ್ದರು. ಅದಕ್ಕೆ ಒಂದಿಷ್ಟು ವಯಸ್ಸು ಸೇರಿಸಿದರೆ ಆಯಿತು: ಕೆಳದವಡೆಯನ್ನು ತುಸು ಮುಂದೆ ಚಾಚಿ, ಬಾಯಿಯ ಎಡಮೂಲೆ ಇಳಿಬಿಟ್ಟು, ಮಾತಿಗೆ ಮೊದಲು ಒಂದು ಕೆಮ್ಮು. ಬ್ಯಾಂಕು, ಪಿಂಚಣಿ ಕಚೇರಿ, ವಿಮೆ, ಎಲ್ಲ ಕಡೆ ಅವನೇ ಅಪ್ಪ. ಅಪ್ಪನ ನಂಬರಿನ ಹಳೆಯ ಸಣ್ಣ ಫೋನು ಕೂಡ ಅವನ ಡ್ರಾಯರಿನಲ್ಲೇ, ಸುರಕ್ಷಿತವಾಗಿ. ಗುರುತು ಖಚಿತಪಡಿಸಿಕೊಳ್ಳಲು ಕೇಳುವ ಗುಟ್ಟಿನ ಪ್ರಶ್ನೆಗಳಿಗೂ ಅವನೇ ಉತ್ತರ ಕೊಟ್ಟಿದ್ದ. ಬಾಲ್ಯದ ಆಪ್ತ ಗೆಳೆಯ ಯಾರು? ತನ್ನ ಗೆಳೆಯನ ಹೆಸರು ಹೇಳಿದ, ಅದೇ, ಮೀನು ಅಂದವನದು. ಮೊದಲ ಕೆಲಸ? ಮಿಲ್ಲು. ಇಷ್ಟದ ಹಣ್ಣು? ಮೇಜಿನ ಮೇಲೆ ಅರ್ಧ ಕಚ್ಚಿಟ್ಟ ಸೇಬು ಇತ್ತು, ಸೇಬು ಅಂದ. "ಮಾವನ್ನ ಒಂದು ಮಾತು ಕೇಳಿ ಮಾಡಬಾರ್ದಾ?" ಎಂದಿದ್ದಳು ಹೆಂಡತಿ. "ಇದನ್ನೆಲ್ಲ ಸ್ಲೇಟಲ್ಲಿ ಬರೀತಾ ಕೂತ್ಕೊಳ್ಲಾ? ಯಾರಿಗೆ ಬೇಕಾಗಿದೆ ಇದು?" ಎಂದು ಅವನು ರೇಗಿದ್ದ. ಯಾರಿಗೂ ಬೇಕಾಗಿರಲಿಲ್ಲ ನಿಜ. ಕೆಲಸ ಸಲೀಸಾಗಿ ನಡೆದುಕೊಂಡು ಹೋಗುತ್ತಿತ್ತು.

ಪರದೆಯಲ್ಲಿ ಮುಖಗಳು ಒಂದೊಂದಾಗಿ ತೆರೆದುಕೊಂಡವು. ಅವನು ಬೆನ್ನು ನೆಟ್ಟಗೆ ಮಾಡಿದ. ಪಾಠ ಹೇಳುವಾಗ ಅವನು ಬೇರೆಯೇ ಮನುಷ್ಯ. ಮನೆಯಲ್ಲಿ ಮಾತನ್ನು ಗಂಟಲಲ್ಲೇ ಜಗಿದು ನುಂಗುವವನು ಇಲ್ಲಿ ಒಂದೊಂದು ಅಕ್ಷರವನ್ನೂ ಬಿಡಿಸಿ, ತುಟಿ ಅಗಲಿಸಿ, ಕ್ಯಾಮೆರಾದ ಕಣ್ಣಲ್ಲಿ ಕಣ್ಣಿಟ್ಟು ಆಡುತ್ತಿದ್ದ. ಕೆಲಸದ ಕಾಗದ ಊಟದ ಮೇಜಿನ ಮೇಲೆ ಬಿಡಬೇಡಿ. ಮಕ್ಕಳ ಕೈಗೆ ಆಫೀಸಿನ ಯಂತ್ರ ಕೊಡಬೇಡಿ. ಗುಟ್ಟಿನ ಪ್ರಶ್ನೆಗಳ ಉತ್ತರ ಯಾರಿಗೂ ಹೇಳಬೇಡಿ, ಹೆಂಡತಿಗೂ, ಗಂಡನಿಗೂ, ಹೆತ್ತ ಮಕ್ಕಳಿಗೂ. "ಗಮನವಿಟ್ಟು ಕೇಳಿ. ಗುರುತು ಕದಿಯೋರು ಎಲ್ಲೋ ದೂರದಲ್ಲಿ ಇರ್ತಾರೆ ಅಂದ್ಕೋಬೇಡಿ. ತುಂಬಾ ಸಲ ಅದು ಮನೆಯೊಳಗಿಂದಾನೇ ಆಗುತ್ತೆ. ಒಳ್ಳೇ ಉದ್ದೇಶದಿಂದಾನೇ ಶುರುವಾಗುತ್ತೆ." ಈ ಮಾತಿಗೆ ಪ್ರತಿ ಸಲವೂ ಒಂದಿಬ್ಬರು ತಲೆಯಾಡಿಸುತ್ತಾರೆ. ಅವರು ತಲೆಯಾಡಿಸುವುದನ್ನು ನೋಡುವುದು ಅವನಿಗೆ ಇಷ್ಟ. ಆಗ ಡ್ರಾಯರಿನೊಳಗೆ ಸಣ್ಣ ಫೋನು ಗುಂಯ್‌ಗುಟ್ಟಿತು.

ಕ್ಷಮೆ ಕೇಳಿ, ಮೈಕಿನ ದನಿ ಮುಚ್ಚಿ, ಫೋನು ಎತ್ತಿಕೊಂಡ. ಕೆಮ್ಮಿದ. ದವಡೆ ತಾನಾಗಿ ಮುಂದೆ ಬಂತು.

"ಸರ್, ಬ್ಯಾಂಕಿಂದ ಮಾತಾಡ್ತಿರೋದು. ಖಾತೆದಾರರೇನಾ?" ಹೆಣ್ಣು ದನಿ, ಎಳೆಯದು.

"ಹೌದಮ್ಮ, ನಾನೇ."

"ಸರ್, ಇಲ್ಲೊಬ್ಬರು ವಯಸ್ಸಾದವರು ಬಂದಿದಾರೆ. ನಿಮ್ಮ ಹೆಸರೇ ಹೇಳ್ತಿದಾರೆ. ಖಾತೆ ಪ್ರಶ್ನೆಗಳ ಉತ್ತರ ಬದಲಾಯಿಸ್ಬೇಕಂತೆ. ಆದ್ರೆ ಹಳೇ ಉತ್ತರ ಒಂದೂ ಸರಿ ಹೇಳ್ತಿಲ್ಲ. ಬೆರಳನ್ನ ಯಂತ್ರ ತಗೊಳ್ತಿಲ್ಲ. ಕಾರ್ಡಿನ ಫೋಟೋದಲ್ಲಿ ನೋಡಿದ್ರೆ ಮೀಸೆ ಇದೆ, ಇವರಿಗಿಲ್ಲ. ನಿಮ್ಮ ಕಡೆಯವರಾ ಸರ್?"

ಕಣ್ಣು ಗಾಜಿನಾಚೆಯ ಖಾಲಿ ಕುರ್ಚಿಗೆ ಹೋಯಿತು. ಹೌದು, ಅವರೇ ನಿಜವಾದವರು, ನಾನು ಮಗ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಆದರೆ ಹಾಗಂದರೆ ಈಗ ತಾನೆ 'ನಾನೇ' ಎಂದವನು ಯಾರು? ಪರದೆಯ ತುಂಬ ಮುಖಗಳು ಅವನನ್ನೇ ನೋಡುತ್ತಿದ್ದವು. ದನಿ ಮುಚ್ಚಿದ್ದನೇ ಹೊರತು ಚಿತ್ರವನ್ನು ಮುಚ್ಚಿರಲಿಲ್ಲ ಎಂದು ಆಗ ಗಮನಕ್ಕೆ ಬಂತು. ಇಳಿಬಿಟ್ಟ ಬಾಯಿಯ ಆ ಮುದುಕನನ್ನು ಅವರೆಲ್ಲ ಕಂಡಿದ್ದರು. ಈ ಸುದ್ದಿ ಹೊರಗೆ ಹೋದರೆ ಇನ್ನು ಯಾವ ಕಂಪನಿ ಕರೆದೀತು? ಲೆಕ್ಕ ಹಾಕಿ ಹೇಳಿದ್ದಲ್ಲ. ಯಾರೋ ತಳ್ಳಿದ ಹಾಗೆ ಬಾಯಿಂದ ಬಿತ್ತು.

"ಅಲ್ಲ. ನಾನು ಯಾರನ್ನೂ ಕಳಿಸಿಲ್ಲ."

"ಸರಿ ಸರ್. ಅವರನ್ನ ಇಲ್ಲೇ ಕೂರಿಸ್ಕೊಂಡಿರ್ತೀವಿ. ನೀವೇನೂ ಗಾಬರಿಯಾಗ್ಬೇಡಿ."

ಅವನು ಫೋನನ್ನು ಜೇಬಿಗೆ ತುರುಕಿ, ದನಿ ತೆರೆದು, ಮನೆಯಲ್ಲಿ ತುರ್ತು ಎಂದು ಹೇಳಿ ಪಾಠ ನಿಲ್ಲಿಸಿದ. ಎಲ್ಲರೂ ಸಹಾನುಭೂತಿಯಿಂದ ತಲೆಯಾಡಿಸಿದರು.

ಬ್ಯಾಂಕು ದೂರವೇನಲ್ಲ. ಮೂಲೆಯ ಕನ್ನಡಕದ ಅಂಗಡಿ ದಾಟಿ, ಬಟ್ಟೆ ಒಗೆಯುವವರ ಅಂಗಡಿ ದಾಟಿ, ರಸ್ತೆ ಅಡ್ಡಹಾಯ್ದರೆ ಬಂತು. ನಡೆಯುತ್ತ ಮನಸ್ಸಿನಲ್ಲೇ ಮಾತು ಜೋಡಿಸಿದ. ತಾನು ಮಗ, ಮಗನಾಗಿಯೇ ಹೋಗುವುದು. ಅಪ್ಪ ಹೇಳದೆ ಹೊರಟುಬಂದಿದ್ದಾರೆ, ವಯಸ್ಸಾಗಿದೆ, ಮರೆವು, ಅನ್ನುವುದು. ಅಪ್ಪನ ಹತ್ತಿರ ಮರೆವು ಎಂಬುದು ಸುಳಿದಿರಲಿಲ್ಲ. ನಲ್ಲಿ ನಿಲ್ಲಿಸಿದ್ದೀಯಾ, ಛತ್ರಿ ತಗೊಂಡೆಯಾ ಎಂದು ಮನೆಯವರಿಗೆಲ್ಲ ನೆನಪಿಸುವವನೇ ಅವನು. ಅಂಥವನಿಗೆ ಮರೆವು ಅಂಟಿಸಲು ಹೊರಟಿದ್ದೇನಲ್ಲ ಎಂದು ಹೇಸಿಗೆಯಾಯಿತು, ಆದರೆ ಕಾಲು ನಿಧಾನವಾಗಲಿಲ್ಲ. ಹಾಗಿದ್ದರೆ ಫೋನಿನಲ್ಲಿ ಮಾತಾಡಿದವರು ಯಾರು ಎಂದು ಕೇಳಿದರೆ? ತಮ್ಮ ಅನ್ನುವುದೇ, ಚಿಕ್ಕಪ್ಪ ಅನ್ನುವುದೇ? ಮಿಲ್ಲಿನ ಗೇಟಿನ ಹೊರಗೆ ಅಮ್ಮನ ಕೈ ಹಿಡಿದು ನಿಂತದ್ದು ನೆನಪಾಯಿತು. ಪಾಳಿ ಬಿಟ್ಟಾಗ ಹೊರಬರುತ್ತಿದ್ದವರ ತಲೆ, ಹುಬ್ಬು, ಮೀಸೆಗಳ ಮೇಲೆ ಹತ್ತಿಯ ಧೂಳು ಕೂತು ಎಲ್ಲರೂ ಒಂದೇ ಥರದ ಮುದುಕರು. ಯಾರು ಅಪ್ಪ ಎಂದು ತಿಳಿಯದೆ ಅವನು ಯಾರದೋ ಕಾಲು ತಬ್ಬಿದ್ದ. ಆ ಮನುಷ್ಯ ಏನೂ ಅನ್ನದೆ ಅವನನ್ನು ಎತ್ತಿ, ಸರಿಯಾದವನ ಕೈಗೆ ಕೊಟ್ಟು ಹೋಗಿದ್ದ.

ಅಪ್ಪ ಕಾವಲುಗಾರನ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದ. ಅಷ್ಟು ಸಿದ್ಧವಾಗಿ ಬಂದಿದ್ದ. ಕೈಗಳು ಮಂಡಿಯ ಮೇಲಿದ್ದವು. ಮಗನನ್ನು ಕಂಡು ಏಳಲಿಲ್ಲ, ಮುಖ ಅರಳಲೂ ಇಲ್ಲ, ಬಾಡಲೂ ಇಲ್ಲ. ಕಾವಲುಗಾರನಿಗೆ ಈ ಕೆಲಸ ಹಿಡಿಸಿರಲಿಲ್ಲ ಎಂದು ಅವನ ನಿಲುವೇ ಹೇಳುತ್ತಿತ್ತು.

"ಇವರು ನಮ್ಮ ಅಪ್ಪ" ಎಂದ, ಕೌಂಟರಿನಲ್ಲಿದ್ದ ಹೆಣ್ಣುಮಗಳಿಗೆ. "ಹೇಳದೆ ಬಂದ್ಬಿಟ್ಟಿದಾರೆ. ಸ್ವಲ್ಪ ವಯಸ್ಸು ನೋಡಿ…" ಎಂದು ಹಣೆಯ ಹತ್ತಿರ ಬೆರಳಾಡಿಸಿದ.

ಅವಳು ಕೆಟ್ಟವಳಲ್ಲ. ನಿಯಮ ಬಿಟ್ಟು ಒಂದು ಹೆಜ್ಜೆ ಆಚೆ ಇಡದವಳು, ಅವನು ಪಾಠದಲ್ಲಿ ಹೊಗಳುವಂಥವಳು. "ನಿಮ್ಮ ಅಪ್ಪ ಇರಬಹುದು ಸರ್. ಆದ್ರೆ ಈ ಖಾತೆ ಇವರದಲ್ವಲ್ಲ. ಖಾತೆದಾರರ ಹತ್ರ ಈಗ ತಾನೆ ಮಾತಾಡಿದೀನಿ. ನಾನು ಯಾರನ್ನೂ ಕಳಿಸಿಲ್ಲ ಅಂದ್ರು."

ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಅವಳ ಮಾತು ಮುಗಿಯುತ್ತಿದ್ದಂತೆ ಅಪ್ಪನ ಕಣ್ಣು ನಿಧಾನವಾಗಿ ಮಗನ ಕಡೆ ಹೊರಳಿತು. ಅವನಿಗೆ ಒಮ್ಮೆಗೇ ಒಂದು ಗುಮಾನಿ ಬಂತು, ಬಂದದ್ದನ್ನು ಹಿಂದೆ ತಳ್ಳಿದ. ತುಟಿ ಓದುವ ಆ ಕಲೆ ಅಮ್ಮನ ಜೊತೆಗೇ ಹೋಯಿತಲ್ಲ, ಇಲ್ಲದಿದ್ದರೆ ಸ್ಲೇಟು ಯಾಕೆ?

"ಏನೋ ತಪ್ಪು ಆಗಿರ್ಬೇಕು" ಎಂದ.

"ಇನ್ನೊಂದ್ಸಲ ಕೇಳ್ತೀನಿ ಇರಿ" ಎಂದು ಅವಳು ಮೇಜಿನ ಫೋನಿನಲ್ಲಿ ಒತ್ತಿದಳು.

ಬೇಡ ಅನ್ನುವಷ್ಟರಲ್ಲಿ ಅವನ ಪ್ಯಾಂಟಿನ ಜೇಬು ಗುಂಯ್ ಎಂದಿತು. ಆಮೇಲೆ ಹಾಡಿತು. ಹಳೆಯ ಫೋನಿನ ಆ ಕುಣಿಯುವ ರಾಗ, ಯಾರೋ ಮಗುವಿಗೆ ಆಡಿಸಿದ ಗಿಲಕಿಯಂತೆ, ಬ್ಯಾಂಕಿನ ಮೂಲೆಮೂಲೆಗೂ ಕೇಳಿಸಿತು. ಅವನು ಜೇಬಿನ ಮೇಲೆ ಕೈ ಒತ್ತಿ ನಿಂತ. ಸಾಲಿನಲ್ಲಿದ್ದವರು ತಿರುಗಿದರು. ಕಾವಲುಗಾರ ತಿರುಗಿದ. ಅವಳು ಕಿವಿಯಿಂದ ಫೋನು ಇಳಿಸಿ ಅವನನ್ನು ನೋಡಿದಳು, ಇಟ್ಟಳು. ರಾಗ ನಿಂತಿತು. ಅಪ್ಪನಿಗೆ ಅದು ಕೇಳಿಸಿರಲಿಲ್ಲ, ಆದರೆ ಅಷ್ಟೂ ಜನರ ಕಣ್ಣು ಮಗನ ಜೇಬಿಗೆ ಹೋದದ್ದನ್ನು ಕಂಡ. ನೆಲ ಬಾಯಿ ಬಿಡಬಾರದೇ ಅನ್ನುವುದನ್ನು ಅವನು ಬರೀ ಮಾತು ಎಂದುಕೊಂಡಿದ್ದ. ಈಗ ನಿಜವಾಗಿಯೂ ನೆಲ ನೋಡಿದ. ಹೊಳಪಿನ ಕಲ್ಲು, ಅದರಲ್ಲಿ ದೀಪಗಳು ತಲೆಕೆಳಗಾಗಿದ್ದವು.

"ಫೋನಲ್ಲಿ ಮಾತಾಡಿದ್ದು ನಾನೇ" ಎಂದ ಕೊನೆಗೆ. ತನ್ನದೇ ದನಿಯಲ್ಲಿ, ಕೆಮ್ಮದೆ. "ಖಾತೆ ಇವರದು. ಇವರೇ ನಿಜ."

ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕೌಂಟರಿನಿಂದ ಎದ್ದು ಹೊರಗೆ ಬಂದು ಅಪ್ಪನ ಮುಂದೆ ಬಗ್ಗಿ, "ತಪ್ಪಾಯ್ತು ಅಜ್ಜ, ಬನ್ನಿ" ಎಂದಳು. ಯಂತ್ರ ತಂದು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಒರೆಸಿ ಒತ್ತಿಸಿದಳು. ನೂಲು ತಿಕ್ಕಿ ತಿಕ್ಕಿ ಸವೆದ ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಎಡಗೈಯ ಕಿರುಬೆರಳು ಮಾತ್ರ ಮಿಲ್ಲಿನಿಂದ ಹೇಗೋ ತಪ್ಪಿಸಿಕೊಂಡಿತ್ತು. ಅದನ್ನು ಯಂತ್ರ ಒಪ್ಪಿಕೊಂಡಿತು, ಹಸಿರು ದೀಪ ಹತ್ತಿತು. "ನೀವೇ ಅಂತೆ" ಎಂದು ಅವಳು ನಕ್ಕಳು. ಅಪ್ಪನೂ ನಕ್ಕ. ಅವಳು ಬರೆದು ತೋರಿಸಿರಲಿಲ್ಲ ಎಂಬುದನ್ನು ಅವನು ಗಮನಿಸಿದ.

"ಅಪ್ಪ" ಎಂದ. ಸ್ಲೇಟು ತಂದಿರಲಿಲ್ಲ. ಪಾಠ ಹೇಳುವ ಹಾಗೆ ತುಟಿ ಬಿಡಿಸಿ ಕೇಳಿದ. "ನಾನು ಆಡೋದು ನಿಮಗೆ ತಿಳಿಯುತ್ತಾ?"

"ತಿಳೀದೆ ಏನು?" ಅಪ್ಪನಿಗೆ ತನ್ನ ದನಿಯ ಅಳತೆ ಗೊತ್ತಿರಲಿಲ್ಲ, ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. "ಮನೇಲಿ ಆಡೋದು ತಿಳಿಯಲ್ಲ. ಮುಖ ಆ ಕಡೆ ಹಾಕಿ ಗೊಣಗ್ತೀಯ. ಆ ಗಾಜಿನ ಗೂಡಲ್ಲಿ ಕೂತು ಹೇಳ್ತೀಯಲ್ಲ, ಅದು ಚೆನ್ನಾಗಿ ತಿಳಿಯುತ್ತೆ. ನಿಮ್ಮಮ್ಮನ ಹಾಗೇ ಬಿಡಿಸಿ ಆಡ್ತೀಯ. ಅದಕ್ಕೇ ಅಲ್ವಾ ಅಲ್ಲಿ ಕೂರೋದು? ಪಾಠ ಒಂದೂ ತಪ್ಪಿಸಿಲ್ಲ ನಾನು."

ಎಷ್ಟು ತಿಂಗಳ ಪಾಠ. ಅಷ್ಟೇ ಅಲ್ಲ. ಪಾಠದ ನಡುವೆ ಆಡಿದ ಫೋನಿನ ಮಾತುಗಳು, ಮುಂದೆ ಚಾಚಿದ ದವಡೆ, ಇಳಿಬಿಟ್ಟ ಬಾಯಿಮೂಲೆ. ಗಾಜಿನ ಆಚೆ ಕೂತು ಅಪ್ಪ ತನ್ನನ್ನು ತಾನೇ ನೋಡಿದ್ದ, ಮಗ ಕಂಡ ಹಾಗೆ.

"ಹಾಗಾದ್ರೆ ಆ ಉತ್ತರಗಳು…"

"ಗೊತ್ತಿದ್ವು. ಸೇಬು, ಮಿಲ್ಲು, ಆ ನಿನ್ನ ಗೆಳೆಯ. ಎಲ್ಲ ಬಾಯಿಪಾಠ ಆಗಿತ್ತು."

"ಮತ್ತೆ ಅದನ್ನೇ ಹೇಳ್ಬೋದಿತ್ತಲ್ಲ? ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ."

"ಅವು ನನ್ನವಲ್ವಲ್ಲ ಮಗಾ" ಎಂದ ಅಪ್ಪ. "ಅವಳು ನನ್ನನ್ನ ಕೇಳಿದ್ಲು. ನಾನು ನನ್ನದು ಹೇಳಿದೆ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಹೋದ ಬಸ್ಸಿನ ಬಗ್ಗೆ ಹೇಳುವಂತೆ ಹೇಳಿದ್ದ. ಆಮೇಲೆ, ಮರೆತಿದ್ದನ್ನು ಸೇರಿಸುವವನಂತೆ, "ನನ್ನ ಬಾಯಿ ಅಷ್ಟು ಸೊಟ್ಟ ಆಗುತ್ತಾ?" ಎಂದು ಕೇಳಿದ. ಅವನು ಇಲ್ಲವೆಂದು ತಲೆಯಾಡಿಸಿದ. ಅಪ್ಪ ಅದನ್ನು ನಂಬಿದನೋ ಇಲ್ಲವೋ ತಿಳಿಯಲಿಲ್ಲ.

ಹೊಸ ಉತ್ತರಗಳನ್ನು ಈಗಲೇ ಬರೆಸಿಬಿಡೋಣ ಎಂದಳು ಅವಳು. ಅಜ್ಜನ ದನಿ ಜೋರು, ಇಲ್ಲಿ ಕೇಳಿದರೆ ಇಡೀ ಸಾಲಿಗೆ ಗೊತ್ತಾಗುತ್ತದೆ, ಮ್ಯಾನೇಜರ್ ಕೋಣೆ ಖಾಲಿಯಿದೆ, ಅಲ್ಲಿ ಕೂರೋಣ. ಅಪ್ಪ ಎದ್ದ. ಅಭ್ಯಾಸದಿಂದ ಅವನೂ ಹೊರಟ. ಇಂಥ ಕಡೆ ಯಾವತ್ತೂ ಅವನೇ ಮುಂದೆ. ಅಪ್ಪ ಅವನ ಎದೆಯ ಮೇಲೆ ಅಂಗೈ ಇಟ್ಟು ತಡೆದ. ತಳ್ಳಲಿಲ್ಲ, ಸುಮ್ಮನೆ ಇಟ್ಟ.

"ಹೆತ್ತ ಮಕ್ಕಳಿಗೂ ಹೇಳ್ಬಾರ್ದು ಅಂತೀಯಲ್ಲ, ನೀನೇ" ಎಂದ.

ಅದು ಗಾಜಿನ ಕೋಣೆ. ಬಾಗಿಲು ಮುಚ್ಚಿದ ಮೇಲೆ ಒಳಗಿನದೇನೂ ಕೇಳಲಿಲ್ಲ, ಅಪ್ಪನ ಜೋರು ದನಿ ಕೂಡ. ಒಳ್ಳೆಯ ಗಾಜು ಎಂದು ಅವನ ಕಸುಬಿನ ಮನಸ್ಸು ಹೇಳಿತು. ಅವಳು ಪರದೆ ನೋಡಿ ಏನೋ ಕೇಳಿದಳು. ಅಪ್ಪ ಕುರ್ಚಿಯಲ್ಲಿ ಮುಂದೆ ಸರಿದು ಹೇಳಿದ. ತುಟಿ ಕೂಡಿ ತೆರೆಯಿತು, ಒಮ್ಮೆ ದುಂಡಾಯಿತು. ಅದೊಂದು ಹೆಸರಿರಬೇಕು, ಬಾಲ್ಯದ ಗೆಳೆಯನದು. ಅಪ್ಪನಿಗೆ ಬಾಲ್ಯದಲ್ಲಿ ಗೆಳೆಯನೊಬ್ಬನಿದ್ದ ಎಂಬುದೇ ಅವನಿಗೆ ಹೊಸದು. ಅಪ್ಪ ಇನ್ನೂ ಏನೋ ಸೇರಿಸಿದ, ಕೈಯಿಂದ ಒಂದು ಮೋಟು ಎತ್ತರ ತೋರಿಸಿದ, ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎರಡನೆಯ ಪ್ರಶ್ನೆಗೆ ಅಪ್ಪ ಎರಡೂ ಕೈ ಚಾಚಿ ಏನನ್ನೋ ಎಳೆದು ತೋರಿಸಿದ. ಹಗ್ಗವೋ, ಬಲೆಯೋ, ಗಂಟೆಯೋ. ಅದು ಮಿಲ್ಲಿನ ಕೆಲಸವಲ್ಲ. ಮಿಲ್ಲಿಗೆ ಮುಂಚೆ ಅಪ್ಪ ಏನನ್ನು ಎಳೆಯುತ್ತಿದ್ದ? ಅಡುಗೆಮನೆಯ ನಡುವೆ ಕೂತು ಕತ್ತು ಹೊರಳಿಸುತ್ತಿದ್ದ ಹಾಗೆ ಅವನು ಗಾಜಿಗೆ ಹತ್ತಿರವಾಗಿ ನಿಂತ. ಆಗಲೇ ಕಲಿತಿದ್ದರೆ. ಕಾವಲುಗಾರ ಅವನನ್ನು ನೋಡುತ್ತಿದ್ದ, ಈಗ ಕಾಯಬೇಕಾದವನು ಇವನು ಎಂಬಂತೆ.

ಮೂರನೆಯದು ಹಣ್ಣು ಎಂದು ಅವನಿಗೆ ಗೊತ್ತಿತ್ತು. ಅಪ್ಪ ಉತ್ತರ ಹೇಳುವ ಮೊದಲು ಹೊರಗೆ ಒಮ್ಮೆ ನೋಡಿದ. ಅವನಿಗೆ ತಡೆಯಲಾಗಲಿಲ್ಲ. ಇದೊಂದು ಗೊತ್ತು. ಮಿಲ್ಲಿನಲ್ಲಿ ಸಂಬಳವಾದ ದಿನ ಅಪ್ಪನ ಕೋಟಿನ ಎರಡೂ ಜೇಬು ಉಬ್ಬಿರುತ್ತಿತ್ತು, ಧೂಳಿನ ವಾಸನೆಯೊಳಗೆ ಆ ಸಿಪ್ಪೆಯ ವಾಸನೆ ಬೆರೆತಿರುತ್ತಿತ್ತು. ಪ್ರತಿ ತಿಂಗಳೂ, ಒಂದು ಸಲವೂ ತಪ್ಪದೆ. ಅವನು ದನಿಯಿಲ್ಲದೆ, ಒಂದೊಂದೇ ಅಕ್ಷರ ಬಿಡಿಸಿ, ಗಾಜಿನ ಈಚೆಯಿಂದ ತುಟಿಯಾಡಿಸಿದ: ಕಿತ್ತಳೆ.

ಅಪ್ಪ ಓದಿಕೊಂಡ. ಅಲ್ಲ ಎಂದು ತಲೆಯಾಡಿಸಿದ.

ಅವನು ಅಲ್ಲೇ ನಿಂತಿದ್ದ. ಕಿತ್ತಳೆ ಸುಲಿಯುತ್ತಿದ್ದದ್ದು ಅಪ್ಪ. ಬಿಳಿ ನಾರು ತೆಗೆದು, ಬೀಜ ತೆಗೆದು, ತೊಳೆ ಬಿಡಿಸಿ ಅವನ ಬಾಯಿಗಿಡುತ್ತಿದ್ದ, ಒಂದು ಮುಗಿದರೆ ಇನ್ನೊಂದು. ಅಪ್ಪ ಒಂದು ತೊಳೆಯನ್ನಾದರೂ ತಿಂದದ್ದನ್ನು ನೆನಪಿಸಿಕೊಳ್ಳಲು ನೋಡಿದ, ಆಗಲಿಲ್ಲ. ಒಳಗೆ ಅಪ್ಪ ಅವಳ ಕಡೆ ತಿರುಗಿ, ಅಂಗೈಯಿಂದ ತುಟಿ ಮರೆಮಾಡಿಕೊಂಡು, ತನಗೆ ಇಷ್ಟವಾದ ಹಣ್ಣಿನ ಹೆಸರು ಹೇಳಿದ.